ಶಾಫ್ಟಿನೊಳಗಿನ ಕಪ್ಪು ಚುಕ್ಕೆ

ಹೋದ ವಾರ ನನ್ನ ಹಳೆಯ ಸ್ಕೂಟರಿನ ಆಕ್ಸಲ್ ಮುರಿಯಿತು. ಗ್ಯಾರೇಜಿನವನು ತುಂಡನ್ನು ನನ್ನ ಅಂಗೈಗೆ ಹಾಕಿದ. ಮುರಿದ ಮೈಯಲ್ಲಿ ಅರ್ಧ ಹೊಳೆಗಲ್ಲಿನಂತೆ ನುಣುಪು, ಉಳಿದರ್ಧ ಬೆಲ್ಲದ ಹೆಂಟೆ ಒಡೆದಂತೆ ಹರಳುಹರಳು. ಲೋಹಶಾಸ್ತ್ರದ ನಿವೃತ್ತ ಮೇಷ್ಟ್ರಿಗೆ ಇಂಥದ್ದು ಸಿಕ್ಕರೆ ಮನೆಗೆ ಹೋಗುವುದೇ ಮರೆತುಹೋಗುತ್ತದೆ, ನೋಡಿ. ಆದರೆ ಅಂದು ನನ್ನ ಕಣ್ಣ ಮುಂದೆ ನಿಂತದ್ದು ಆಕ್ಸಲ್ ಅಲ್ಲ, ಫಿಟ್ಟರ್ ಫಕೀರಪ್ಪ.

ಎಪ್ಪತ್ತರ ದಶಕದ ಕೊನೆ. ನಾನು ಹುಬ್ಬಳ್ಳಿಯಲ್ಲಿ ಹೊಸದಾಗಿ ಪಾಠ ಹೇಳುತ್ತಿದ್ದೆ. ನಮ್ಮೂರು ಹಿರೇಕೆರೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ಒಂದಿತ್ತು. ಅದರ ಯಂತ್ರಗಳೆಲ್ಲ ಫಕೀರಪ್ಪನ ಕೈಯಲ್ಲಿ. ಒಂದು ಮುಂಜಾನೆ, ವರ್ಷದ ಹಿಂದೆ ಅವನೇ ಕೂರಿಸಿದ್ದ ಶಾಫ್ಟು, ಅಂದರೆ ಗಾಲಿ ತಿರುಗಿಸುವ ಉಕ್ಕಿನ ದಂಡ, ಎರಡು ತುಂಡಾಯಿತು. ಅದರ ಗಾಲಿ ಹಾರಿ ಬಂದು ಬಡಿದು, ಹತ್ತಿ ಹಾಕುತ್ತಿದ್ದ ಯಲ್ಲವ್ವನ ಬಲಗೈಯ ನಾಲ್ಕು ಬೆರಳು ಹೋದವು.

"ಫಸ್ಟ್ ಕ್ಲಾಸ್ ಅಲಾಯ್ ಸ್ಟೀಲ್ ಅದು, ಸುಮ್ಮನ ಮುರೀತೈತೇನು? ಕುಂದ್ರಸೂಮುಂದ ನೀನ ಸುತ್ತಿಗಿಲೆ ಬಡದಿರಬೇಕು," ಎಂದರು ಮಾಲಕರು. ಫಕೀರಪ್ಪ ವಾದಿಸಲಿಲ್ಲ. ಬಡಿದಿದ್ದೆನೋ ಏನೋ ಎಂದು ಅವನಿಗೇ ಅನುಮಾನ ಹತ್ತಿತ್ತು. ಕೆಲಸ ಬಿಟ್ಟು ಮನೆ ಹಿಡಿದ.

ಸುದ್ದಿ ಕೇಳಿ ಊರಿಗೆ ಬಂದ ನಾನು ತುಂಡುಗಳನ್ನು ಹುಬ್ಬಳ್ಳಿಗೆ ಒಯ್ದೆ. ಉಜ್ಜಿ, ಸೂಕ್ಷ್ಮದರ್ಶಕದಡಿ ಇಟ್ಟರೆ ಒಂದು ಕಪ್ಪು ಚುಕ್ಕೆ. ಉಕ್ಕು ಎರೆಯುವಾಗ ಒಳಗುಳಿದ ಕಿಟ್ಟ; ಎಳ್ಳಿಗಿಂತ ಸಣ್ಣದು. ತಿರುಗುವ ಶಾಫ್ಟು ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಬಾಗಿ ನೆಟ್ಟಗಾಗುತ್ತದೆ. ಶುದ್ಧ ಉಕ್ಕು ಆ ದಣಿವನ್ನು ವರ್ಷಗಟ್ಟಲೆ ತಾಳುತ್ತದೆ. ಕಿಟ್ಟವಿದ್ದಲ್ಲಿ ಬಿರುಕು ಹುಟ್ಟಿ ದಿನಕ್ಕಿಷ್ಟು ಮುಂದೆ ಸರಿಯುತ್ತದೆ; ಬಿರುಕು ಸರಿದಷ್ಟು ಭಾಗ ನುಣುಪಾಗುತ್ತದೆ, ಉಳಿದದ್ದು ಒಂದು ದಿನ ಫಟ್ಟನೆ ಹರಳುಹರಳಾಗಿ ಮುರಿಯುತ್ತದೆ. ಉಕ್ಕು ಗಟ್ಟಿಯಾದಷ್ಟೂ ಇಂಥ ಕಸವನ್ನು ಸಹಿಸುವ ಗುಣ ಕಡಿಮೆ.

ಆಗ ನಾನು ಹಿಗ್ಗಿದ್ದು ನೆನೆದರೆ ಈಗ ನಾಚಿಕೆ. ಚುಕ್ಕೆಯ ಫೋಟೋ ದೊಡ್ಡದು ಮಾಡಿಸಿ ಪ್ರಯೋಗಾಲಯದ ಗೋಡೆಗೆ ತೂಗುಹಾಕಿದೆ, ಹುಡುಗರಿಗೆ ತೋರಿಸಿದೆ. ಫಕೀರಪ್ಪನಿಗೆ ಒಂದು ಕಾರ್ಡು ಬರೆಯಲಿಲ್ಲ. ಹಬ್ಬಕ್ಕೆ ಹೋದಾಗ ಹೇಳಿದರಾಯಿತು ಅಂದುಕೊಂಡೆ. ತಿಂಗಳು ಕಳೆಯಿತು.

ಕಡೆಗೆ ಹೋಗಿ ಹೇಳಿದಾಗ ಅವನು ಫೋಟೋವನ್ನು ಬಹಳ ಹೊತ್ತು ನೋಡಿದ.

"ಅಂದ್ರ, ನಾ ಬಡದು ಆಗಿದ್ದಲ್ಲೇನ್ರಿ ಸರ?"

"ಅಲ್ಲ ಫಕೀರಪ್ಪ. ಉಕ್ಕು ಎರದಾಗಿಂದನ ಒಳಗಿತ್ತು."

"ಹಂಗಾರ ಯಲ್ಲವ್ವನ ಮುಂದ ಹೇಳ್ರಿ. ಅವತ್ತಿನಿಂದ ನಾ ಆಕಿ ಮಾರಿ ನೋಡಿಲ್ಲ."

ಇಬ್ಬರೂ ಹೋದೆವು. ಯಲ್ಲವ್ವ ನನ್ನ ಮಾತು ಪೂರಾ ಕೇಳಲಿಲ್ಲ. "ಅವತ್ತ ಧೋತರ ಹರದು ನನ್ನ ಕೈ ಕಟ್ಟಿದಾಂವ ನೀನ. ನನಗ ಈ ಫೋಟೋ ಯಾಕ ಬೇಕೋ ಯಣ್ಣಾ?" ಎಂದು ಅವನಿಗೆ ಹೇಳಿದಳು. ಫಕೀರಪ್ಪ ಅಲ್ಲೇ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟ.

ಚುಕ್ಕೆಯ ವಿಷಯ ತಿಳಿದು ಮಾಲಕರು ಫಕೀರಪ್ಪನನ್ನು ಮತ್ತೆ ಕೆಲಸಕ್ಕೆ ಕರೆದರು. "ಆಕಿಗೂ ಕೆಲಸಾ ಕೊಟ್ರ ಬರ್ತೇನಿ," ಎಂದ. ಯಲ್ಲವ್ವನಿಗೆ ಹತ್ತಿ ಆರಿಸುವವರ ಮೇಲ್ವಿಚಾರಣೆ ಸಿಕ್ಕಿತು. ವಾರಕ್ಕೊಮ್ಮೆ ಅವನು ಯಂತ್ರ ನಿಲ್ಲಿಸಿ ಶಾಫ್ಟುಗಳಿಗೆ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಹಚ್ಚುತ್ತಿದ್ದ. ಬಿರುಕಿದ್ದರೆ ಬಿಳಿಯ ಮೇಲೆ ಎಣ್ಣೆಯ ಗೆರೆ ಮೂಡುತ್ತದೆ. ಹಾಗೆ ಇನ್ನೆರಡು ಶಾಫ್ಟುಗಳನ್ನು ಮುರಿಯುವ ಮೊದಲೇ ಹಿಡಿದ.

ಮೊನ್ನೆ ಬಸ್ಸು ಹತ್ತಿ ಊರಿಗೆ ಹೋದೆ. ಫಕೀರಪ್ಪ ಈಗಿಲ್ಲ. ಮಗಳ ಮನೆಯಲ್ಲಿರುವ ಯಲ್ಲವ್ವ ಎಡಗೈಯಿಂದ ಚಹಾದ ಬಟ್ಟಲನ್ನು ನನ್ನ ಕಡೆ ಸರಿಸಿದಳು. ಇಷ್ಟು ವರ್ಷ ಹೇಳದ್ದನ್ನು ಹೇಳಿದೆ: ಫಕೀರಪ್ಪನಿಗೆ ತೋರಿಸುವ ಒಂದು ತಿಂಗಳ ಮೊದಲೇ ಆ ಫೋಟೋ ನನ್ನ ಬಳಿ ಇತ್ತು.



"ಆ ತಿಂಗಳ ಅಂವ ಒಂದ ಹೊತ್ತೂ ನೆಟ್ಟಗ ಉಂಡಿರಲಿಲ್ಲಂತ್ರಿ," ಎಂದಳು. "ಅವನ ಹೇಣ್ತಿ ನನ್ನ ಮುಂದ ಅಳ್ತಿದ್ಲು."

ಚಹಾ ಆರುತ್ತಿತ್ತು. ಕುಡೀರಿ ಅಂತ ಅವಳು ಅನ್ನಲಿಲ್ಲ.