ಟವೆಲ್ಲಿನ ಕೆಳಗಿನ ಕೈ

ಟ್ರಂಕಿನ ತಳದಲ್ಲಿ ಆ ಟವೆಲ್ ಸಿಕ್ಕಿತು. ಕೆಂಪು ಅಂಚು ಮಾಸಿದೆ. ಮೂಗಿಗೆ ಹಿಡಿದರೆ ಬೀಡಿ, ಒಣಹುಲ್ಲು, ಎತ್ತಿನ ಮೈಯ ವಾಸನೆ... ಎರಡು ಸಲ ಒಗೆದಿದ್ದೇನೆ, ಹೋಗಿಲ್ಲ. ಅಥವಾ ನನಗಷ್ಟೇ ಬರುತ್ತದೆಯೋ ಏನೋ.

ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯ ತಾತ ದನದ ದಲಾಲಿ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಎಲ್ಲಿ ದನದ ಸಂತೆ ಇದ್ದರೂ ಮೊದಲ ಬಸ್ಸಿಗೆ ಹೋಗುತ್ತಿದ್ದರು. ಅಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ರೂಢಿ ಇರಲಿಲ್ಲ. ಕೊಳ್ಳುವವನ ಕೈಮೇಲೆ ಟವೆಲ್ ಹಾಸಿ, ಅದರ ಕೆಳಗೆ ಬೆರಳು ಒತ್ತಿ ತಿಳಿಸುತ್ತಿದ್ದರು. ಸುತ್ತ ನಿಂತವರಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಎರಡು ಸಾವಿರನೇ ಇಸವಿಯ ಆಸುಪಾಸು. ನಾನು ಬಿ.ಕಾಂ. ಮುಗಿಸಿ ಎರಡು ವರ್ಷ ಮನೆಯಲ್ಲೇ ಕೂತಿದ್ದೆ. ದಾವಣಗೆರೆಯ ಷೇರು ದಲ್ಲಾಳಿ ಕಚೇರಿಯೊಂದರಿಂದ ಸಂದರ್ಶನಕ್ಕೆ ಕಾಗದ ಬಂತು. ಇದೂ ತಪ್ಪಿದರೆ ಮದುವೆಯೇ ಎಂದು ಅಪ್ಪ ಹೇಳಿಬಿಟ್ಟಿದ್ದರು. ಕಟ್ಟೆಯ ಮೇಲೆ ಕೂತು ಗೈಡು ಉರುಹೊಡೆಯುತ್ತಿದ್ದೆ. ತಾತ ಬಂದು ಪಕ್ಕದಲ್ಲಿ ಕೂತರು.

“ಅಲ್ಲಿ ಏನ್ ಮಾರ್ತಾರ ಬೇ?”

“ಷೇರು ತಾತ. ಕಂಪನಿಯಾಗಿನ ಪಾಲು.”

“ಕಣ್ಣಿಗೆ ಕಾಣ್ತತೇನು?”

“ಇಲ್ಲ. ಕಂಪ್ಯೂಟರಿನಾಗ ಇರ್ತತಿ.”

“ಹಂಗಾರ ಹಲ್ಲು ಹಿಡಿದು ವಯಸ್ಸು ನೋಡಾಕ ಬರಂಗಿಲ್ಲನ್ನು! ನಮ್ದಾ ವಾಸಿ ಬಿಡವ್ವಾ, ನಮ್ಮ ಮಾಲು ಒದಿಯಾಕರ ಒದೀತತಿ.”

ಅವತ್ತಿನಿಂದ ಎಂಟು ಸಂಜೆ ತಾತನೇ ನನಗೆ ಸಂದರ್ಶನದ ಸಾಹೇಬರು. ನನ್ನ ಕೈಮೇಲೆ ಟವೆಲ್ ಹಾಸಿ, ಗೈಡಿನ ಪ್ರಶ್ನೆಗಳನ್ನು ನನ್ನಿಂದಲೇ ಓದಿಸಿ ಉತ್ತರ ಕೇಳುವರು. ಬೆರಳಿನ ಗುರುತುಗಳನ್ನೂ ಕಲಿಸಿದರು. ನನ್ನ ಕೈ ನಡುಗಿದರೆ, ನಿಲ್ಲುವತನಕ ಹಿಡಿದುಕೊಂಡೇ ಇರುವರು. “ಎತ್ತಿನ ಐಬು, ಕುಂಟು-ಗಿಂಟು ಇದ್ರ, ಮೊದ್ಲು ಹೇಳ್ಬೇಕವ್ವಾ. ದರ ಆಮ್ಯಾಲ. ಐಬು ಮುಚ್ಚಿ ಮಾರಿದ್ರ ಮತ್ತ ಆ ಸಂತಿಗೆ ಯಾವ ಮುಖ ಹೊತ್ತು ಹೋಗ್ಲಿ?” ಎಂದಿದ್ದರು ಒಂದು ಸಂಜೆ.

ಸಂದರ್ಶನದಲ್ಲಿ ಟೈ ಕಟ್ಟಿದ ಸಾಹೇಬರು, ಗಿರಾಕಿಗೆ ಷೇರಿನ ಬಗ್ಗೆ ಮೊದಲು ಏನು ಹೇಳುತ್ತೀರಿ ಎಂದು ಕೇಳಿದರು. “ಅದರ ಐಬು” ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಯಾರು ಕಲಿಸಿದರು ಎಂದರು. ದನದ ದಲಾಲಿ ಎನ್ನಲು ನಾಚಿಕೆಯಾಯಿತು.

“ನಮ್ಮ ಕಾಲೇಜಿನ ಮೇಷ್ಟ್ರು ಸರ್.”

ಮುಂದಿನ ತಿಂಗಳು ಕೆಲಸಕ್ಕೆ ಬನ್ನಿ ಎಂದರು.

ಸಂಜೆ ಬಸ್ಸಿಳಿದರೆ ತಾತ ಸ್ಟ್ಯಾಂಡಿನಲ್ಲೇ ನಿಂತಿದ್ದರು.

“ನನ್ನ ಮಾತು ನಡೀತೇನ್ ಬೇ?”

“ನಡೀತು ತಾತ. ಕೆಲ್ಸ ಸಿಕ್ತು.”

“ಯಾರು ಕಲಿಸ್ಯಾರಂತ ಕೇಳಿದ್ರೇನು?”

“ಕೇಳಿದ್ರು... ನಮ್ಮೋಣಿ ತಾತ ಅಂದ್ನಿ.”

ತಾತ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಗಿಟ್ಟರು. ಆಮೇಲೆ ಓಣಿಯಲ್ಲಿ ಸಿಕ್ಕವರಿಗೆಲ್ಲ, “ದಾವಣಗೆರಿ ಸಾಹೇಬ್ರ ಮುಂದ ನನ್ನ ಸುದ್ದಿ ಬಂದೈತಿ” ಎಂದು ಹೇಳಿಕೊಂಡು ತಿರುಗಿದರಂತೆ.

ನಿಜ ಹೇಳಬೇಕೆಂದು ಎಷ್ಟೋ ಸಲ ಊರಿಗೆ ಹೋದೆ. ಆ ಮುಖ ನೋಡಿದರೆ ಬಾಯಿ ಬರುತ್ತಿರಲಿಲ್ಲ. ಎರಡು ವರ್ಷಕ್ಕೆ ತಾತ ತೀರಿಕೊಂಡರು. ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ಈಗಲೂ ಗಿರಾಕಿಗಳ ಜೊತೆ ಫೋನಿನಲ್ಲಿ ಮಾತಾಡುವಾಗ, ಒರಟು ಬೆರಳೊಂದು ನನ್ನ ಬೆರಳನ್ನು ಒತ್ತಿದಂತಾಗುತ್ತದೆ. ತಟ್ಟನೆ ದರದ ಮಾತು ಬಿಟ್ಟು, ಮೊದಲು ಷೇರಿನ ಐಬು ಹೇಳುತ್ತೇನೆ...

ನಿನ್ನೆ ಆ ಟವೆಲ್ ಹಾಸಿ, ಕೆಳಗೆ ಕೈಯಿಟ್ಟು ಕೂತೆ, ನನ್ನ ಐಬು ಹೇಳೋಣವೆಂದು. ತಾತ ಕಲಿಸಿದ ಗುರುತುಗಳೆಲ್ಲ ನೆನಪಿವೆ. ಅವೆಲ್ಲ ಬರೀ ದರದ ಗುರುತುಗಳು, ಐಬಿಗೆ ಒಂದೂ ಇಲ್ಲ. ಕೈ ನಡುಗತೊಡಗಿತು. ಬಹಳ ಹೊತ್ತು ಹಾಗೇ ನಡುಗುತ್ತಿತ್ತು.