ಮುಚ್ಚಳಕ್ಕೆ ಹೋದ ಬಣ್ಣದ ಗಂಟು

"ಕಣ್ಣು ಮಾರ್ಯಾಳ ತಂಗಿ, ಸೊಸಿ ನನ್ನ ಎರಡೂ ಕಣ್ಣು ಒಂದು ಮುಚ್ಚಳಕ್ಕ ಮಾರ್ಯಾಳ!"

ಹೀಗೆ ಕೂಗುತ್ತ ಸಕ್ರವ್ವ ನಮ್ಮ ಅಂಗಳಕ್ಕೆ ಬಂದಾಗ ನಾನು ಕೂಸಿನ ನೆತ್ತಿಗೆ ಎಣ್ಣೆ ಒತ್ತುತ್ತ ಕೂತಿದ್ದೆ. ಎಪ್ಪತ್ನಾಲ್ಕರ ಬೇಸಗೆ ಅದು. ನನ್ನವರ ನೌಕರಿಯಿಂದಾಗಿ ನಾವು ತಿಕೋಟಾದಲ್ಲಿ ಮನೆ ಮಾಡಿದ್ದೆವು. ಗೋಡೆಯ ಆಚೆ ಸಕ್ರವ್ವನ ಮನೆ. ಮುದುಕಿಯ ಕೈಯಲ್ಲಿ ಹೊಚ್ಚಹೊಸ ಸ್ಟೀಲಿನ ಮುಚ್ಚಳವಿತ್ತು. ಅದನ್ನು ನೆಲಕ್ಕೆ ಅಪ್ಪಳಿಸಿದಳು. ಅದು ಗುಂಯ್‌ಗುಟ್ಟುತ್ತ ತಿರುಗಿ ನನ್ನ ಎಣ್ಣೆಬಟ್ಟಲಿಗೆ ಬಡಿದು ನಿಂತಿತು. ಕೂಸು ಬೆಚ್ಚಿ ಅತ್ತಿತು.

ಸಕ್ರವ್ವ ಕೌದಿ ಹೊಲಿಯುವವಳು. ಕಾಖಂಡಕಿಯಲ್ಲಿ ಹುಟ್ಟಿ ಈ ಊರಿಗೆ ಸೊಸೆಯಾಗಿ ಬಂದವಳು. ಮಗ ರೇವಪ್ಪ ಇನ್ನೂ ತೊಟ್ಟಿಲಲ್ಲಿರುವಾಗಲೇ ಗಂಡ ತೀರಿಕೊಂಡ. ಆ ಮಗನನ್ನು ಸೂಜಿಯ ಮೇಲೆಯೇ ದೊಡ್ಡವನನ್ನಾಗಿ ಮಾಡಿದ್ದಳು. ಹಳೆಯ ಸೀರೆ, ಧೋತರಗಳನ್ನು ಪದರುಪದರಾಗಿ ಹಾಸಿ, ಮೇಲೆ ಬಣ್ಣದ ತುಣುಕು ಕೂಡಿಸಿ, ಸಾಲುಸಾಲಾಗಿ ದಾರ ಓಡಿಸುವ ಈ ಕೆಲಸ ನಮ್ಮ ಕಡೆ ಅರ್ಧ ಹೆಂಗಸರಿಗೆ ಬರುತ್ತದೆ. ಆದರೂ ಬಬಲೇಶ್ವರದಿಂದ, ಬಿಜ್ಜರಗಿಯಿಂದ ಜನ ಅರಿವೆಯ ಗಂಟು ಹೊತ್ತು ಅವಳಲ್ಲಿಗೇ ಬರುತ್ತಿದ್ದರು. ಬಂದು ಬೈಸಿಕೊಂಡು ಹೋಗುತ್ತಿದ್ದರು. "ಅಂಚಿಗೆ ಕೆಂಪು ಹಾಕವ್ವಾ" ಎಂದರೆ ಸಾಕು, ಶುರು:

"ಯಾವ ಕೆಂಪು? ಗಿಡದಾಗಿನ ಮೆಣಸಿನಕಾಯಿದೋ, ಮಾಳಿಗಿ ಮ್ಯಾಲೆ ಒಣಗಿದ್ದರದೋ? ಕಣ್ಣು ಮನ್ಯಾಗ ಬಿಟ್ಟು ಬಂದೀಯೇನು?"

ಅವಳ ಬಣ್ಣಗಳು ಅಂಗಡಿಯಿಂದ ಬಂದವಲ್ಲ. ದಿನದ ಬದುಕಿನಲ್ಲಿ ಯಾವುದಾದರೂ ಬಣ್ಣ ಕಣ್ಣಿಗೆ ಬಿದ್ದರೆ ಅದಕ್ಕೊಂದು ಹೆಸರಿಟ್ಟು, ಅದೇ ಬಣ್ಣದ ಅರಿವೆ ಸಿಗುವವರೆಗೆ ಕಾಯುವಳು. ಸಿಕ್ಕಲ್ಲಿ ಬೇಡಿಯೋ ಜಗಳಾಡಿಯೋ ಅಂಗೈಯಗಲದ ತುಣುಕು ತರುವಳು. ಜೋಳದ ಹಾಲುದೆನೆ, ಒಣಗಿದ ಕುಸುಬಿ ಹೂ, ನೀರು ಕುಡಿದ ಎರೆಮಣ್ಣು. ಗೋಳಗುಮ್ಮಟದ ಕಟ್ಟೆಯ ಮೇಲೆ ಕಂಡ ಪಾರಿವಾಳದ ಕುತ್ತಿಗೆಯ ಬಣ್ಣಕ್ಕಾಗಿ ವರ್ಷಗಟ್ಟಲೆ ಹುಡುಕಿ, ಕೊನೆಗೆ ಅದನ್ನು ಗೆಳತಿ ಸುಗರಾಬಿಯ ಹಳೆಯ ಓಢಣಿಯಲ್ಲಿ ಕಂಡಿದ್ದಳಂತೆ. ಎಲ್ಲವೂ ಒಂದು ಗಂಟಿನಲ್ಲಿದ್ದವು. ನನ್ನ ಮಗಳನ್ನು ಮೊದಲ ಸಲ ಎತ್ತಿಕೊಂಡಾಗ ಮುಖ ನೋಡದೆ ಕಾಲು ಮೇಲೆತ್ತಿ, "ಈ ಅಂಗಾಲಿನ ಬಣ್ಣ ಹಾಕಿ ಇಕೀಗೊಂದು ಕೌದಿ ಹೊಲಿತೇನಿ" ಎಂದಿದ್ದಳು. ಆ ಬಣ್ಣವೂ ಸಿಕ್ಕಿ ಗಂಟು ಸೇರಿತ್ತು.

ಆಗ ಎಲ್ಲೆಲ್ಲೂ ಸ್ಟೀಲಿನ ಹುಚ್ಚು. ವಿಜಾಪುರದಿಂದ ಸೀತವ್ವ ಎಂಬಾಕೆ ಬುಟ್ಟಿ ಹೊತ್ತು ಬಂದು, ಹಳೆಯ ಸೀರೆ ತಗೊಂಡು ಸ್ಟೀಲಿನ ಭಾಂಡೆ ಕೊಡುತ್ತಿದ್ದಳು. ಎರಡು ದಿನದ ಹಿಂದೆ ಸಕ್ರವ್ವ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅವಳ ಸೊಸೆ ಬೋರವ್ವ ತನ್ನ ಎರಡು ಸೀರೆ ಕೊಟ್ಟು ಒಂದು ಡಬರಿ ಪಾತ್ರೆ ಹಿಡಿದಿದ್ದಳು. ಮುಚ್ಚಳ ಬೇಕಾದರೆ ಮೇಲೆ ಏನಾದರೂ ಕೊಸರು ಹಾಕು ಎಂದು ಸೀತವ್ವ ಜಗ್ಗಿದಾಗ, ಮೂಲೆಯಲ್ಲಿದ್ದ ಅತ್ತೆಯ ಚಿಂದಿಯ ಗಂಟನ್ನು ಎತ್ತಿ ಬುಟ್ಟಿಗೆ ಹಾಕಿಬಿಟ್ಟಿದ್ದಳು.

"ಒಂದು ಮಾತು ಕೇಳಬಾರದಾಗಿತ್ತೇನ್ ಬೋರವ್ವಾ?" ಎಂದು ನಾನು ಗೋಡೆಯಾಚೆ ಕೂಗಿದೆ.

"ಚಿಂದಿಗೆ ಏನು ಕೇಳೂದ್ರಿ ಅಕ್ಕಾರ? ಇಲಿ ಮರಿ ಹಾಕಾಕತ್ತಿದ್ದುವು ಅದರಾಗ" ಎಂದಳು, ತಲೆಯನ್ನೂ ಎತ್ತದೆ.

ನನ್ನ ಮೈ ಉರಿಯಿತು. ನನ್ನ ಕೂಸಿನ ಅಂಗಾಲೂ ಆ ಗಂಟಿನಲ್ಲಿತ್ತಲ್ಲ! "ನಡೀ ಆಯಿ, ಹುಡುಕೂಣು" ಎಂದೆ. ಆ ಸಿಟ್ಟಿನಲ್ಲೂ ನಾಲ್ಕು ಲಂಗೋಟಿ, ಕುದಿಸಿದ ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡು, ಮಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹಿಡಿದೆ.

ಬಸ್ಸಿನಲ್ಲಿ ಸಕ್ರವ್ವನ ಬಾಯಿ ನಿಲ್ಲಲಿಲ್ಲ. "ಸ್ಟೀಲ್ ಹೊಚಗೊಂಡು ಮಲಗ್ರಿ ಚಳಿಗಾಲದಾಗ! ಡಬರಿ ಹಾಸಿರಿ, ಮುಚ್ಚಳ ಹೊಚಗೋರಿ!"

"ಯಾರ ಮ್ಯಾಲ ಆಯಿ, ಇಷ್ಟು ಕೆಂಡ?" ಎಂದು ಕಂಡಕ್ಟರ್ ನಕ್ಕ.

"ನಿನ್ನ ಅಂಗಿ ಮ್ಯಾಲ! ಖಾಕಿ ಅಂತಾರೇನು ಅದಕ್ಕ? ಎಮ್ಮಿ ಉರುಳ್ಯಾಡಿ ಎದ್ದಂಗೈತಿ."

ವಿಜಾಪುರದಲ್ಲಿ ಕೇಳುತ್ತ ಕೇಳುತ್ತ ಸೀತವ್ವನ ಮನೆ ಹಿಡಿದೆವು. ಅವಳು ಅಂಗಳದಲ್ಲಿ ಸೀರೆ ಬೇರ್ಪಡಿಸುತ್ತ ಕೂತಿದ್ದಳು. "ಆ ಗಂಟಾ? ಅದರಾಗ ಒಂದರ ನೆಟ್ಟನ ಅರಿವಿ ಇತ್ತೇನ್ರಿ? ಗ್ಯಾರೇಜಿಗೆ ಕೊಟ್ಟೆ, ಕೈ ಒರಸ್ಕೊಳ್ಳಾಕ."

ಗ್ಯಾರೇಜಿನಲ್ಲಿ ಬುಡ್ಡೇಸಾಬ ಎಂಬ ಮೇಸ್ತ್ರಿ ಲಾರಿಯ ಕೆಳಗೆ ಮಲಗಿದ್ದ. ಎರಡು ಕಾಲು, ಕರ್ರಗಿನ ಒಂದು ಕೈ ಮಾತ್ರ ಹೊರಗೆ. ಆ ಕೈಯಲ್ಲಿ ತೆಳು ಗುಲಾಬಿಯ ತುಣುಕೊಂದಿತ್ತು. ಸಕ್ರವ್ವ ಬಗ್ಗಿ ಅವನ ಮಣಿಕಟ್ಟನ್ನೇ ಹಿಡಿದಳು.

"ಬಿಡಲೇ! ಕೂಸಿನ ಅಂಗಾಲು ಅದು!"

"ಯಾ ಅಲ್ಲಾ, ಎಲ್ಲಿ ಕೂಸು?" ಎಂದು ಅವನು ಧಡಕ್ಕನೆ ಏಳಲು ಹೋಗಿ ಹಣೆ ಬಡಿದುಕೊಂಡ.

ಹೊರಗೆ ಬಂದು ನಮ್ಮ ಮಾತೆಲ್ಲ ಕೇಳಿದ ಮೇಲೆ ಪಾಪ, ತಗಡಿನ ಡಬ್ಬಿಯನ್ನೇ ತಂದು ಮುಂದೆ ಸುರಿದ. ಅವನ ಕೈಯಲ್ಲಿದ್ದದ್ದೂ ಸೇರಿ ಎಲ್ಲವೂ ಗ್ರೀಸು. ಹಾಲುದೆನೆ ಯಾವುದು, ಕುಸುಬಿ ಯಾವುದು, ಗುರುತೇ ಇರಲಿಲ್ಲ. ತಳದಲ್ಲಿ ಒಂದು ಹಿಡಿಯಷ್ಟು ಮಾತ್ರ ಚೊಕ್ಕಟವಾಗಿದ್ದವು.

"ಸೀಮಿಎಣ್ಣ್ಯಾಗ ತೊಳದು ಕೊಡ್ಲೇನು ಯವ್ವಾ?" ಎಂದ.

"ತೊಳದ್ರ ಜಿಡ್ಡು ಹೋಗತೈತಿ, ಅದರ ಹಿಂದ ಬಣ್ಣಾನೂ ಹೋಗತೈತಿ. ಇಟ್ಕೋ, ನಿನ್ನ ಗಾಡಿ ಒರಸು" ಎಂದು ಸಕ್ರವ್ವ ಆ ಒಂದು ಹಿಡಿಯನ್ನು ಉಡಿಗೆ ಕಟ್ಟಿಕೊಂಡಳು.

ಮರಳಿ ಬರುವಾಗ ಅವಳು ಯಾರನ್ನೂ ಬೈಯಲಿಲ್ಲ. ನನಗೆ ಹೆದರಿಕೆಯಾದದ್ದು ಆಗ. ಊರು ಹತ್ತಿರ ಬಂದಾಗ ಕಿಟಕಿಯ ಕಡೆಗೆ ಮುಖ ಮಾಡಿಯೇ ಹೇಳಿದಳು: "ಕೂಸಿಗೆ ಅಂಗಡ್ಯಾಗಿನ ಚಾದರ ತಗೋ ತಂಗಿ. ನಾ ಇನ್ನ ಹೊಲಿಯಂಗಿಲ್ಲ. ಅಷ್ಟೆಲ್ಲಾ ಮತ್ತ ನೋಡಾಕ ಈ ಜನ್ಮ ಸಾಲಂಗಿಲ್ಲ. ಸೊಸಿ ಹಾಕಿದ ರೊಟ್ಟಿ ತಿಂದು ಮೂಲ್ಯಾಗ ಕುಂದರತೇನಿ."

ಸೂಜಿ ಕೆಳಗಿಟ್ಟ ಸಕ್ರವ್ವನನ್ನು ನೆನೆಯಲೂ ನನಗಾಗಲಿಲ್ಲ. ಬಸ್ಸಿಳಿದವಳೇ ನೆಟ್ಟಗೆ ಬೋರವ್ವನ ಒಲೆಯ ಮುಂದೆ ಹೋಗಿ ನಿಂತೆ. "ಮುದುಕಿ ಜೀವ ತಗದಿ ನೋಡು. ಆಕಿ ಕೈ ಕಟ್ಟಿ ಹಾಕಿದಿ" ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಹಿಂದೆಯೇ ಸಕ್ರವ್ವ ಬಂದು ಬಾಗಿಲಲ್ಲಿ ನಿಂತಳು.

ಬೋರವ್ವ ಊದುಗೊಳವೆಯನ್ನು ಎಸೆದು ಎದ್ದಳು. ನನ್ನ ಕಡೆ ನೋಡಲೂ ಇಲ್ಲ.

"ಅತ್ತಿ, ಗುಮ್ಮಟದ ಪಾರಿವಾಳದ ಕುತ್ತಿಗಿ ನೋಡ್ತೀರಿ. ಮಂದಿ ಕೂಸಿನ ಅಂಗಾಲ ನೋಡ್ತೀರಿ. ಈಗ ಆ ಕಡೆ ಹೊಳ್ಳಿ ನಿಂತು ಹೇಳ್ರಿ ನೋಡೂಣು, ನನ್ನ ಮೈಮ್ಯಾಲಿನ ಸೀರಿ ಯಾವ ಬಣ್ಣದ್ದು? ಮುಂಜಾನಿಂದ ಇದನ್ನ ಉಟಗೊಂಡು ನಿಮ್ಮ ಮುಂದ ತಿರಗ್ಯಾಡೇನಿ. ನಿನ್ನೆನೂ ಇದನ್ನ ಉಟ್ಟಿದ್ದೆ. ಹೇಳ್ರಿ!"

ಸಕ್ರವ್ವ ನಿಜವಾಗಿಯೂ ಗೋಡೆಯ ಕಡೆ ಹೊರಳಿದಳು. ಒಂದು ಬಣ್ಣದ ಹೆಸರೂ ಹೊರಡಲಿಲ್ಲ.

ತಿರುಗಿ ಸೊಸೆಯನ್ನು ನೋಡಿದಳು. ಹತ್ತಿರ ಹೋಗಿ ಸೆರಗು ಹಿಡಿದು ಬೆಳಕಿಗೆ ಎಳೆದಳು. ಒಂದು ಕಾಲಕ್ಕೆ ನೀಲಿಯೋ ಹಸಿರೋ ಆಗಿದ್ದ ಸೀರೆ, ಒಗೆದು ಒಗೆದು, ಒಲೆಯ ಮುಂದೆ ಕೂತು ಕೂತು, ಎರಡೂ ಅಲ್ಲದ ಏನೋ ಆಗಿತ್ತು.

"ಏನಲೇ ಇದು? ಇದು ನನ್ನ ಗಂಟಿನ್ಯಾಗ ಇದ್ದಿದ್ದಿಲ್ಲ" ಎಂದಳು. ದನಿಯಲ್ಲಿ ಮತ್ತೆ ಸಿಟ್ಟು ಬಂದಿತ್ತು. "ತುದಿ ಒಂದೀಟು ಹರದು ಕೊಡು."

"ಕೊಡಂಗಿಲ್ಲ! ಎರಡು ಸೀರಿ ಡಬರಿಗೆ ಹೋದುವು. ಉಳದದ್ದು ಇದೊಂದು. ಇದನ್ನೂ ಹರದು ಅಕ್ಕಾರ ಮಗಳಿಗೆ ಹೊಚ್ಚಲೇನು?"

ಆ ಮಾತು ನನ್ನ ಕೆನ್ನೆಗೆ ಬಿತ್ತು. ಮನೆಗೆ ಬಂದೆ. ಸಿಟ್ಟು ಮಾತ್ರ ಇಳಿಯಲಿಲ್ಲ. ಯಾರ ಮೇಲೆ ಎಂದು ಗೊತ್ತಾಗದೆ ಕೂಸಿನ ಲಂಗೋಟಿಗಳನ್ನು ಕಲ್ಲಿಗೆ ಬಡಿಬಡಿದು ಒಗೆದೆ.

ಆಮೇಲಿನ ದಿನಗಳಲ್ಲಿ ಗೋಡೆಯಾಚೆಯಿಂದ ಒಂದೇ ಜಗಳ. "ಕೊಡು" ಎಂದು ಅತ್ತೆ, "ಸತ್ತರೂ ಕೊಡಂಗಿಲ್ಲ" ಎಂದು ಸೊಸೆ. ನಾನು ಟ್ರಂಕಿನಿಂದ ಒಂದು ಒಳ್ಳೆಯ ಸೀರೆ ತೆಗೆದು ಬೋರವ್ವನಿಗೆ ಕೊಟ್ಟೆ. ಅವಳು ಅದನ್ನು ತಗೊಂಡಳು, ಮುಖ ಮಾತ್ರ ಗಂಟಿಕ್ಕಿಕೊಂಡೇ. ಮರುದಿನ ಹಳೆಯ ಸೀರೆಯ ಸೆರಗನ್ನು ಪರ್ರನೆ ಹರಿದು ಅತ್ತೆಯ ಉಡಿಗೆ ಎಸೆದಳು.

"ಹಿಡೀರಿ. ಹೆಸರೇನಿಡ್ತೀರಿ ಇಡ್ರಿ."

"ಉಟ್ಟಾಕಿ ನೀನು. ನೀನ ಹೇಳು."

ಬೋರವ್ವ ಒಲೆಯ ಕಡೆ ಹೊರಳಿ ನೋಡಿದಳು. "ಹೊಗಿ. ಒಣಾ ಕಟಗಿದಲ್ಲ, ಹಸೀ ಕಟಗಿದು. ಕಣ್ಣಾಗ ನೀರು ತರಸ್ತದಲ್ಲ, ಅದು."

ಅವತ್ತೇ ಸಕ್ರವ್ವ ನಮ್ಮ ಜಗಲಿಯ ಮೇಲೆ ಕೂಸಿನ ಕೌದಿಗೆಂದು ಹಳೆಯ ಧೋತರ ಹಾಸಿ ಸೂಜಿಗೆ ದಾರ ಪೋಣಿಸಿದಳು. ನಡುವಿಗೆ ಹೊಗೆ ಇಟ್ಟು, ಸುತ್ತ ಗ್ಯಾರೇಜಿನಿಂದ ಉಳಿದು ಬಂದವನ್ನು ಹಚ್ಚಿದಳು. ಅದರಾಚೆ ಒಂದು ಹಳದಿ ಕೂಡಿಸುವಾಗ ಬೋರವ್ವ ಹಿಟ್ಟಿನ ಕೈಯಲ್ಲೇ ಗೋಡೆ ಸುತ್ತಿ ಬಂದು ನಿಂತಳು.

"ಏನದು?"

"ತೊಗರಿ ಹೂ. ಕಾಣಂಗಿಲ್ಲೇನು?"

"ಅದು ತೊಗರಿ ಹೂ ಏನ್ರಿ? ತೊಗರಿ ಹೂವಿನ ಬೆನ್ನಿಗೆ ಕೆಂಪು ಗೆರಿ ಇರತಾವ. ಕಸಾ ತಗ್ಯಾಕ ಹೊಲಕ್ಕ ಹೋಗಾಕಿ ನಾನು, ನನಗ ಹೇಳ್ತೀರಿ?"

"ಕೆಂಪು ಗೆರಿ ಎಲ್ಲಿಂದ ತರ್ಲಿಬೇ? ನಿನ್ನ ಬೈತಲಿಂದ ತರ್ಲೇನು?" ಎಂದು ಗುಡುಗಿದ ಸಕ್ರವ್ವ, ಹಾಕಿದ ಹೊಲಿಗೆಯನ್ನೆಲ್ಲ ಜಗ್ಗಿ ಬಿಚ್ಚಿದಳು.

ಬೋರವ್ವ ಕೈ ಒರೆಸಿಕೊಂಡು ಕೂತು, ದಾರದ ಉಂಡೆಗಳನ್ನು ಒಂದೊಂದಾಗಿ ಹಳದಿಯ ಮೇಲಿಟ್ಟು ನೋಡತೊಡಗಿದಳು. ಅತ್ತೆ "ಅದಲ್ಲ" ಎಂದರೆ ಸೊಸೆ "ಇದೇ" ಎನ್ನುವಳು. ಇಬ್ಬರ ದನಿಯೂ ಏರುತ್ತಲೇ ಇತ್ತು. ಎತ್ತಿಕೊಂಡು ಎತ್ತಿಕೊಂಡು ನನ್ನ ತೋಳು ಸೋತಿದ್ದವು. ಮಗಳನ್ನು ಮೆಲ್ಲಗೆ ಆ ಅರಿವೆಯ ಒಂದು ಮೂಲೆಯಲ್ಲಿ ಮಲಗಿಸಲು ಬಗ್ಗಿದೆ.

"ಅರೆಬರೆ ಕೌದಿ ಮ್ಯಾಲೆ ಕೂಸಿನ್ನ ಹಾಕ್ತಾರೇನು? ಸೂಜಿ ಚುಚ್ಚೀತು, ಎತ್ತು!" ಎಂದು ಇಬ್ಬರೂ ಒಂದೇ ಬಾಯಲ್ಲಿ ನನ್ನ ಮೇಲೆ ಹರಿಹಾಯ್ದರು.