ತೂಕದ ಎಲ್ಡನ್ ಮೊಮ್ಮಗಳಿಗೆ ನೀರು ಕುಡಿಸಿದ್ದು

ನೆಬ್ರಾಸ್ಕಾದ ನಮ್ಮ ಸೀಮೆಯಲ್ಲಿ ಎಲ್ಡನ್ ಕೊಪೆಕಿ ಎಂದರೆ ಯಾರಿಗೂ ಗೊತ್ತಾಗದು, 'ತೂಕದ ಎಲ್ಡನ್' ಎನ್ನಬೇಕು. ದನದ ಹರಾಜುಕಟ್ಟೆಯ ತಕ್ಕಡಿಯ ಮುಂದೆ ನಲವತ್ತೊಂದು ವರ್ಷ ಕೂತವನು. ಹೋರಿಯ ಬೆನ್ನ ಮೇಲೆ ನೊಣ ಕೂತಿದ್ದರೆ ನೊಣದ ತೂಕ ಕಳೆದು ಬರೆಯುತ್ತಿದ್ದ. ನೊಣ ಬಸುರಿಯಾಗಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದ ಎನ್ನುವವರಿದ್ದಾರೆ. ಮಾರುವ ದಿನ ದನಕ್ಕೆ ಉಪ್ಪು ನೆಕ್ಕಿಸಿ, ತೊಟ್ಟಿಗಟ್ಟಲೆ ನೀರು ಕುಡಿಸಿ ತೂಕ ಏರಿಸಿ ತರುವ ಕಿಲಾಡಿಗಳನ್ನು ಅರ್ಧ ಮೈಲಿ ದೂರದಿಂದಲೇ, ಹೊಟ್ಟೆಯ ಕುಲುಕಾಟ ಕೇಳಿ ಹಿಡಿಯುತ್ತಿದ್ದ. ಸ್ವಂತ ಭಾವಮೈದುನನನ್ನೂ ಬಿಟ್ಟವನಲ್ಲ. ಹಾಗಾಗಿ ಊರಲ್ಲಿ ಅವನಿಗೆ ಮರ್ಯಾದೆ ಬಹಳ, ಸ್ನೇಹಿತರು ಕಡಿಮೆ.

ಅವನ ಮೊಮ್ಮಗಳು ಟೆಸ್. ಒಂಬತ್ತು ವರ್ಷ, ನೋಡಲು ಆರರ ಹುಡುಗಿ, ಮಾತಿನಲ್ಲಿ ಅರವತ್ತು. ಹುಟ್ಟಿದ ವಾರದಲ್ಲೇ ಕರುಳು ತಿರುಚಿಕೊಂಡು, ವೈದ್ಯರು ಕೊಯ್ದು ತೆಗೆದ ಮೇಲೆ ಉಳಿದದ್ದು ಒಂದು ಮೊಳ. ತಿಂದದ್ದು ಮೈಗೆ ಹತ್ತುವಷ್ಟರಲ್ಲಿ ಹೊರಬಾಗಿಲು ಬಂದುಬಿಡುತ್ತದೆ. ಆದ್ದರಿಂದ ದಿನಾ ರಾತ್ರಿ ಹತ್ತು ಗಂಟೆ ಕಾಲ, ಎದೆಗೆ ಹಾಕಿದ ನಳಿಕೆಯಿಂದ ಹಾಲಿನ ಬಣ್ಣದ ಆಹಾರ ನೇರ ರಕ್ತಕ್ಕೇ ಇಳಿಯಬೇಕು. ಗೆಳತಿಯ ಮನೆಯಲ್ಲಿ ಒಂದು ರಾತ್ರಿ ಮಲಗಿ ಗೊತ್ತಿಲ್ಲದ ಮಗು.

"ಐವತ್ತು ಪೌಂಡು ಹತ್ರ ಬರ್ಲಿ, ವಾರಕ್ಕೊಂದು ರಾತ್ರಿ ನಳಿಕೆಗೆ ರಜಾ ಕೊಡೋ ಬಗ್ಗೆ ಯೋಚಿಸೋಣ," ಎಂದು ಒಮಾಹಾದ ವೈದ್ಯರು ಹೇಳಿದ್ದರು. 'ಹತ್ರ', 'ಯೋಚಿಸೋಣ' ಎಂಬ ಪದಗಳು ಎಲ್ಡನ್ನನ ಕಿವಿಗೆ ಬೀಳಲಿಲ್ಲ. ಅವನಿಗೆ ಕೇಳಿಸಿದ್ದು ಐವತ್ತು ಮಾತ್ರ.

ತಪಾಸಣೆಗೆ ಹೊರಡುವ ಬೆಳಿಗ್ಗೆ ಮನೆಯ ತಕ್ಕಡಿ ತೋರಿಸಿದ್ದು ನಲವತ್ತೊಂಬತ್ತೂವರೆ.

"ಅಜ್ಜ, ಅರ್ಧ ಕಮ್ಮಿ ಇದ್ಯಲ್ಲ!" ಟೆಸ್‌ಳ ಕಣ್ಣು ಅಂಕಿ ಬಿಟ್ಟು ಕದಲಲಿಲ್ಲ. "ಶನಿವಾರ ರಾತ್ರಿ ಮಲಗೋಕೆ ಕಾರ್ಲೀನ್ ಮನೆಗೆ ಬರ್ತೀನಿ ಅಂತ ಅವಳಿಗೆ ಹೇಳ್ಬಿಟ್ಟಿದೀನಿ."

ಎಲ್ಡನ್ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಮಗಳು ಡಾರ್ಲಾ ಹೊರಗೆ ಕಾರಿಗೆ ಸಾಮಾನು ತುಂಬುತ್ತಿದ್ದಳು. ಅರ್ಧ ಪೌಂಡು ಎಂದರೆ ಒಂದು ಲೋಟ ನೀರು. ಇದನ್ನು ಅವನಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಟೆಸ್‌ಗೆ ಬರಿ ನೀರು ಕೊಡಕೂಡದು, ಉಪ್ಪು ಸಕ್ಕರೆ ಬೆರೆಸಿದ ಪಾನಕವನ್ನೇ ಗುಟುಕು ಗುಟುಕಾಗಿ ಕುಡಿಸಬೇಕು ಎಂದು ಆಸ್ಪತ್ರೆಯವರು ನೂರು ಸಲ ಹೇಳಿದ್ದರು. ಆದರೆ ಅದು ನಾಲ್ಕು ಲಕ್ಷ ದನ ತೂಗದ ಜನಕ್ಕೆ ಹೇಳಿದ್ದು ಎಂದು ಎಲ್ಡನ್ ತಿಳಿದಿದ್ದ. ಯಾವುದಕ್ಕೂ ಇರಲಿ ಎಂದು ಮೂರು ಲೋಟ ಬರಿ ನೀರು ಕುಡಿಸಿದ.

ದನಕ್ಕೆ ನಾಲ್ಕು ಅಂಕಣದ ಹೊಟ್ಟೆ. ಕುಡಿದ ನೀರು ಒಳಗೆ ಮನೆ ಕಟ್ಟಿಕೊಂಡು ಇರುತ್ತದೆ. ಟೆಸ್‌ಳ ಒಂದು ಮೊಳದಲ್ಲಿ ಅದಕ್ಕೆ ಕೂರಲೂ ಜಾಗವಿಲ್ಲ. ಹೋಗುವಾಗ ಬರಿಗೈಲೂ ಹೋಗದೆ ಮೈಯ ಉಪ್ಪನ್ನು ಎಳೆದುಕೊಂಡು ಹೋಗುತ್ತದೆ. ಒಮಾಹಾಕ್ಕೆ ಮೂರೂವರೆ ಗಂಟೆ ದಾರಿ. ಆವತ್ತು ಐದಾಯಿತು. ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಟೆಸ್ ಬಾಗಿಲು ತಟ್ಟದ ಶೌಚಾಲಯ ಉಳಿಯಲಿಲ್ಲ.

"ನಳಿಕೆಗೆ ನಂಜಾಯ್ತೋ ಏನೋ," ಎಂದು ಡಾರ್ಲಾ ಸ್ಟಿಯರಿಂಗ್ ಹಿಡಿದೇ ಕಣ್ಣೊರೆಸಿಕೊಂಡಳು. "ಅಪ್ಪ, ಹಣೆ ಮುಟ್ಟಿ ನೋಡು, ಜ್ವರ ಇದ್ಯಾ?"

ಎಲ್ಡನ್ ಮುಟ್ಟಿ ನೋಡಿದ. ಬಿಸಿಯಾಗಿದ್ದದ್ದು ಅವನ ಕೈ.

ಆಸ್ಪತ್ರೆಯ ತಕ್ಕಡಿ ನಲವತ್ತೆಂಟೂಕಾಲು ಎಂದಿತು. ವೈದ್ಯರು ಹುಬ್ಬು ಗಂಟಿಕ್ಕಿದರು. ರಜೆಯ ಮಾತು ಹಾಗಿರಲಿ, ರಾತ್ರಿಯ ಹತ್ತು ಗಂಟೆಯನ್ನು ಹದಿನಾಲ್ಕು ಮಾಡಬೇಕಾದೀತು ಎಂದು ಹೇಳಿ, ರಕ್ತ ಪರೀಕ್ಷೆಗೆ ಬರೆದು ಹೋದರು. ಟೆಸ್ ಅಳಲಿಲ್ಲ, ಚಾವಣಿ ನೋಡುತ್ತ ಕೂತಳು. ಅಜ್ಜನ ಹೆಸರು ಹೇಳುವ ಹುಡುಗಿಯಲ್ಲ ಅದು.

ಆಮೇಲೆ ಬಂದವಳು ಆಹಾರ ತಜ್ಞೆ ಮಾರ್ನಿ ಸ್ವೊಬೋದಾ. ಅವಳೂ ನಮ್ಮ ಸೀಮೆಯವಳೇ, ದನ ಸಾಕುವ ಲೂಮೀರನ ಮಗಳು. ಟೆಸ್‌ಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದಳು, ರಟ್ಟೆಗೆ ಪಟ್ಟಿ ಸುತ್ತಿದಳು, ಒಣಗಿದ ನಾಲಿಗೆ ನೋಡಿದಳು. ಕೊನೆಗೆ ಎಲ್ಡನ್ನನ ಮುಖ ನೋಡಿದಳು.

"ಕೊಪೆಕಿಯವರೇ, ತೊಂಬತ್ತೆಂಟರಲ್ಲಿ ನಮ್ಮಪ್ಪನ ಹೋರಿಗಳನ್ನ ಒಂದು ದಿನ ಒಣ ದೊಡ್ಡೀಲಿ ನಿಲ್ಲಿಸಿದ್ರಲ್ಲ. ಯಾಕೆ?"

"ಈಗ್ಯಾಕಮ್ಮ ಅದು?"

"ಸುಮ್ನೆ ಕೇಳ್ದೆ."

"ನೀರು ಕುಡಿಸಿ ತಂದಿದ್ದ."

"ಎಷ್ಟು?"

ಎಲ್ಡನ್ ಮಗಳ ಕೆಂಪಾದ ಕಣ್ಣು ನೋಡಿದ. ಸುಮ್ಮನಿದ್ದರೆ ನಲವತ್ತೊಂದು ವರ್ಷದ ಹೆಸರು ಉಳಿಯುತ್ತಿತ್ತು. ಹುಡುಗಿಯ ಎದೆಗೆ ಇನ್ನೂ ನಾಲ್ಕು ಗಂಟೆ ನಳಿಕೆ ತಗುಲಿಕೊಳ್ಳುತ್ತಿತ್ತು. ಟೋಪಿ ತೆಗೆದ.

"ಮೂರು ಲೋಟ," ಎಂದ.

ಡಾರ್ಲಾಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳು ಅಂದದ್ದನ್ನು ಬರೆದರೆ ಕಾಗದ ಸುಟ್ಟೀತು. "ಹೋರಿ ಅಲ್ಲ ಕಣಪ್ಪ ಅದು! ನನ್ನ ಮಗು!" ಎಂಬುದು ಅದರಲ್ಲಿ ತಣ್ಣಗಿನ ಭಾಗ.

"ಬೈದಿದ್ದು ಸಾಕು ಡಾರ್ಲಾ. ಇವತ್ತು ಇಲ್ಲೇ ಇರ್ಲಿ, ಉಪ್ಪು ನೀರಿನಂಶ ತುಂಬಿಸಿ ನಾಳೆ ತೂಗೋಣ," ಎಂದಳು ಮಾರ್ನಿ.

ಮರುದಿನ ತಕ್ಕಡಿಯ ಅಂಕಿ ಓದಲು ಎಲ್ಡನ್ನನನ್ನೇ ಮುಂದೆ ಕರೆದಳು. ಅವನು ಕನ್ನಡಕ ಒರೆಸಿದ, ಬಗ್ಗಿದ, ಇನ್ನೊಮ್ಮೆ ಒರೆಸಿದ. ಟೆಸ್ ಉಸಿರು ಬಿಗಿಹಿಡಿದಿದ್ದಳು, ಗಾಳಿಗೂ ತೂಕ ಇರಬಹುದು ಎಂದು.

"ನಲವತ್ತೊಂಬತ್ತೂ ಮುಕ್ಕಾಲು."

"ಅಜ್ಜಾ! ಐವತ್ತು ಅನ್ನಬಾರದಾ!"

"ಐವತ್ತು ಯಾರಿಗೆ ಬೇಕು?" ಎಂದಳು ಮಾರ್ನಿ. "ನಾವು ನೋಡೋದು ಎತ್ತರ. ಆರು ತಿಂಗಳಲ್ಲಿ ಒಂದೂಕಾಲು ಅಂಗುಲ ಬೆಳೆದಿದಾಳೆ, ರಟ್ಟೇನೂ ತುಂಬಿದೆ. ಡಾಕ್ಟರ್ ಒಪ್ಪಿದಾರೆ. ಬರೋ ಶನಿವಾರದ ರಾತ್ರಿ ರಜಾ, ಪರೀಕ್ಷೆಗೆ."

ನಾಲ್ಕು ಲಕ್ಷ ದನದಲ್ಲಿ ಒಂದರ ಎತ್ತರವನ್ನೂ ಯಾರೂ ಎಲ್ಡನ್ನನಲ್ಲಿ ಕೇಳಿರಲಿಲ್ಲ.

"ಭಾನುವಾರ ಬೆಳಿಗ್ಗೆ ತೂಗಿ, ಅಂಕಿ ನನಗೆ ಫೋನ್ ಮಾಡ್ಬೇಕು," ಎಂದಳು ಮಾರ್ನಿ. "ಯಾರು ತೂಗ್ತೀರಿ?"

ಎಲ್ಡನ್ ಗಂಟಲು ಸರಿಮಾಡಿಕೊಂಡ.

"ನಾನು," ಎಂದಳು ಡಾರ್ಲಾ. "ಅಪ್ಪ ಟೆಸ್‌ಳ ಪಾನಕದ ಬಾಟ್ಲಿ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ಲಿ. ಬಿರಡೆ ನಾನೇ ತೆಗೀತೀನಿ."